ಕಿತ್ತಳೆ ಬಣ್ಣದ ಕೋಣೆ

ಅಕ್ಟೋಬರ್ ೭, ಸೋಮವಾರ

ಇವತ್ತಿನಿಂದ ನನ್ನ ಕೊರಳಿಗೆ ಒಂದು ಗೇರುಬೀಜದ ಫ್ಯಾಕ್ಟರಿ ಕಟ್ಟಿದ್ದಾರೆ. ಬೈಕಂಪಾಡಿಯದ್ದು. ಹಳೆಯ ಕಟ್ಟಡ ದುರಸ್ತಿಯಾಗಬೇಕು, ಅದಕ್ಕೆ ಸೇರಿಸಿ ಒಂದು ಹೊಸ ಪ್ಯಾಕಿಂಗ್ ಹಾಲ್ ಬರಬೇಕು. ನೆಲದ ಮೇಲೆ ಕಟ್ಟುವ ಮೊದಲು ಅದನ್ನು ಇಡಿಯಾಗಿ ಕಂಪ್ಯೂಟರಿನೊಳಗೆ ಕಟ್ಟಿಕೊಡುವುದು ನಮ್ಮ ಆಫೀಸಿನ ಕೆಲಸ. ಡಿಸೆಂಬರ್ ಕೊನೆಗೆ ಮುಗಿಯಬೇಕಂತೆ.

ಫೈಲ್ ತೆರೆದೆ. ತೆರೆದವಳೇ ಮುಚ್ಚಿದೆ. ಯಾರೋ ಹೊರಗಿನವನು ಗುತ್ತಿಗೆಗೆ ಮಾಡಿಕೊಟ್ಟ ಮಾಡೆಲ್. ಗೋಡೆಗಳಿಗೆ "ಗೋಡೆ", "ಗೋಡೆ ಕಾಪಿ", "ಗೋಡೆ ಕಾಪಿ ಕಾಪಿ" ಎಂದು ಹೆಸರು. ಬಾಗಿಲುಗಳು ಗಾಳಿಯಲ್ಲಿ ನೇತಾಡುತ್ತಿವೆ. ಅದೆಲ್ಲ ಹಾಳಾಗಲಿ. ಈ ಕೆಲಸದಲ್ಲಿ ಇರುವುದೇ ಮೂರು ಖಾನೆ: ಇದ್ದದ್ದು, ಒಡೆಯುವುದು, ಹೊಸದು. ಇದ್ದದ್ದಕ್ಕೆ ನೀಲಿ, ಒಡೆಯುವುದಕ್ಕೆ ಕೆಂಪು, ಹೊಸದಕ್ಕೆ ಕಿತ್ತಳೆ ಬಣ್ಣ. ಗೋಡೆ ಎಳೆಯುವಾಗ ಯಾವ ಖಾನೆ ತೆರೆದಿರುತ್ತದೋ ಗೋಡೆ ಹೋಗಿ ಅದಕ್ಕೇ ಬೀಳುತ್ತದೆ. ಈ ಪುಣ್ಯಾತ್ಮ ಅಜ್ಜನ ಕಾಲದ ಮುರಕಲ್ಲಿನ ಗೋಡೆಗಳನ್ನು ಸಾಲುಸಾಲಾಗಿ ಹೊಸದರಲ್ಲಿ ತುಂಬಿಸಿಟ್ಟಿದ್ದಾನೆ. ಕಂಪ್ಯೂಟರಿಗೆ ಕಣ್ಣಿಲ್ಲ, ಒಪ್ಪಿದೆ. ಎಳೆಯುವವನಿಗೂ ಇಲ್ಲವೆ?

ನನಗಾದರೆ ಎಲ್ಲವನ್ನೂ ಕೆಂಪಿಗೆ ಹಾಕಿಬಿಡುವ ಆಸೆ. ಫ್ಯಾಕ್ಟರಿ, ಈ ಆಫೀಸು, ತಲೆ ಮೇಲೆ ಗುರ್ ಎನ್ನುವ ಎ.ಸಿ., ಎಲ್ಲ.

ಡಿಸೆಂಬರ್ ೩೧ಕ್ಕೆ ಬಿಟ್ಟು ಹೋಗುತ್ತೇನೆ. ರಾಜೀನಾಮೆಯನ್ನು ಇವತ್ತೇ ಆಫೀಸಿನ ಪ್ರಿಂಟರಿನಲ್ಲೇ ತೆಗೆದು, ಮಡಚಿ ಬ್ಯಾಗಿನ ತಳಕ್ಕೆ ಹಾಕಿಕೊಂಡೆ. ಆಮೇಲೆ ಪೂರ್ತಿ ಕಾರ್ಮಿಕ ಸಂಘಟನೆಯ ಕೆಲಸ. ಕಾಟಿಪಳ್ಳದಲ್ಲಿ ಬೀಡಿ ಕಟ್ಟಿ ನನ್ನನ್ನು ಓದಿಸಿದ ಅಮ್ಮ, ಮೆರವಣಿಗೆಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಹೋದ ಅಮ್ಮ, ನಾನು ಮೌಸ್ ಹಿಡಿದು ಕೂತುಕೊಳ್ಳಲಿ ಎಂದು ಅಷ್ಟೆಲ್ಲ ಮಾಡಲಿಲ್ಲ.

ಅಕ್ಟೋಬರ್ ೧೦

ಪಕ್ಕದ ಟೇಬಲ್ಲಿನ ಏವ್ರಿಲ್ ಜೊತೆ ಜಗಳ. ಕುಲಶೇಖರದವಳು, ಇಲ್ಲಿ ನನಗಿಂತ ಹಳಬಳು. ಹೊಸ ಹಾಲ್ ಎಳೆಯುವುದು ಅವಳು, ಹಳೆಯದನ್ನು ಸರಿಮಾಡುವುದು ನಾನು, ಇಬ್ಬರಿಗೂ ಒಂದೇ ಫೈಲ್. ಪ್ರತಿಯೊಂದು ಗೋಡೆಗೂ ಅದು ಯಾವ ಕಟ್ಟಡದ್ದು, ಯಾವ ಮಹಡಿಯದ್ದು, ಯಾವ ಕಲ್ಲಿನದ್ದು ಎಂದು ಹೆಸರಿಡಬೇಕಂತೆ.

"ಗೋಡೆಗೆ ನಾಮಕರಣ ಮಾಡ್ಲಿಕ್ಕೆ ನಾನೇನು ಭಟ್ರಾ?" ಅಂದೆ.

"ನಿನ್ನ ಅಮ್ಮ ನಿನ್ನನ್ನು ಹುಡುಗಿ ಕಾಪಿ ಅಂತ ಕರೀತಾರಾ?" ಅಂದಳು.

ಸಂಜೆವರೆಗೆ ಹೆಸರಿಟ್ಟೆ. ಗುಲಾಮಗಿರಿಗೆ ಕೋಷ್ಟಕ ಬೇರೆ.

ಅಕ್ಟೋಬರ್ ೧೬

ಬೈಕಂಪಾಡಿಗೆ ಹೋಗಿದ್ದೆ, ಅಳತೆ ತಾಳೆ ನೋಡಲಿಕ್ಕೆ. ಹಿಂದೆ, ಬೀಜ ಒಡೆಯುವ ಶೆಡ್ಡಿನ ಬೆನ್ನಿಗೆ ಅಂಟಿಕೊಂಡು ಒಂದು ಕೋಣೆ. ನಮ್ಮ ಮಾಡೆಲ್‌ನಲ್ಲಿ ಇಲ್ಲ, ಹಳೆಯ ನಕ್ಷೆಯಲ್ಲೂ ಇಲ್ಲ. ಕಲ್ಲುಗಳು ಒಂದೊಂದು ಒಂದೊಂದು ಗಾತ್ರ. ಮಾಡಿಗೆ ಹಂಚು. ಒಳಗೆ ಚಾಪೆ, ಕೈಗೆ ಹಚ್ಚುವ ಎಣ್ಣೆಯ ಬಾಟ್ಲಿ, ಮಾಡಿನ ಮರದ ಪಕ್ಕಾಸಿಗೆ ಕಟ್ಟಿದ ಸೀರೆಯ ತೊಟ್ಟಿಲು. ತೊಟ್ಟಿಲಲ್ಲಿ ಮಗು. ಮಗುವಿನ ತಾಯಿ ಜಸೀಲಾ, ಸಿಪ್ಪೆ ಸುಲಿಯುವ ವಿಭಾಗದವಳು, ನನ್ನನ್ನು ನೋಡಿ ಸೆರಗು ಎಳೆದುಕೊಂಡಳು.

"ಹೆದರ್ಬೇಡ, ಅಳೆಯುವ ಹುಡುಗಿ ಅದು," ಅಂದರು ಮುದ್ದಕ್ಕ. ಅಲ್ಲಿನ ಎಲ್ಲರಿಗಿಂತ ಹಿರಿಯರು. ಅಂಗೈ ಕಪ್ಪು, ಬೀಜದ ಎಣ್ಣೆ ಸುಟ್ಟು ಸುಟ್ಟು ಆದ ಕಪ್ಪು. ನನ್ನ ಅಮ್ಮನದ್ದು ಹೊಗೆಸೊಪ್ಪಿನ ಹಳದಿ.

ಈ ಕೋಣೆ ಯಾರು ಕಟ್ಟಿಸಿದ್ದು ಎಂದು ಕೇಳಿದೆ.

"ಕಟ್ಟಿಸುದಾ? ಯಾರು? ನಾವು ಕಟ್ಟಿದ್ದು ಮಗಾ. ಮುಟ್ಟಿನ ದಿನ ಸೊಂಟ ನೋವಾದ್ರೆ ಒಂದು ಗಳಿಗೆ ಮಲಗ್ಲಿಕ್ಕೆ ಜಾಗ ಬೇಕು ಅಂತ ಸ್ಟ್ರೈಕ್ ಮಾಡಿದೆವು. ಧಣಿಗಳು ಆಗ್ಲಿ ಆಗ್ಲಿ ಅಂದ್ರು. ಮುಂದಿನ ವರ್ಷವೂ ಆಗ್ಲಿ ಆಗ್ಲಿ. ಹಳೆ ಕಂಪೌಂಡ್ ಬಿದ್ದ ಕಲ್ಲು ಇತ್ತಲ್ಲ, ಕೆಲಸ ಬಿಡುವಾಗ ಒಬ್ಬೊಬ್ಬಳು ಒಂದೊಂದು ಕಲ್ಲು ತಂದು ಇಲ್ಲಿ ಇಟ್ಟದ್ದು. ಒಂದು ದಿನ ನೋಡಿದ್ರೆ ಗೋಡೆ!"

"ಧಣಿಗಳು ಎಂತ ಹೇಳಿದ್ರು?"

"ಎಂತ ಹೇಳುದು? ನೋಡ್ಲೇ ಇಲ್ಲ ಅಂತ ಮಾಡಿದ್ರು."

ಟೇಪಿನ ಒಂದು ತುದಿ ಮುದ್ದಕ್ಕ ಹಿಡಿದರು, ಇನ್ನೊಂದು ನಾನು. ಬರುವಾಗ ಜಸೀಲಾ ಗೇಟಿನವರೆಗೆ ಬಂದು ಒಂದೇ ಮಾತು ಕೇಳಿದಳು: "ಇದು ಹೋಗ್ತದಾ ಅಕ್ಕಾ? ಇದು ಹೋದ್ರೆ ನಾನು ಕೆಲಸ ಬಿಡ್ಬೇಕು. ಮಗುವನ್ನು ನೋಡ್ಲಿಕ್ಕೆ ಮನೆಯಲ್ಲಿ ಯಾರೂ ಇಲ್ಲ."

ಹೊಸ ಹಾಲ್ ನೇರ ಅದರ ಮೇಲೆಯೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಟೇಪು ಸುತ್ತಿ ಬ್ಯಾಗಿಗೆ ಹಾಕಿ ಬಸ್ಸಿಗೆ ನಡೆದೆ.

ಅಕ್ಟೋಬರ್ ೧೭

ನಿದ್ದೆ ಬಂದಿರಲಿಲ್ಲ. ಬೆಳಿಗ್ಗೆಯೇ ವಿಶ್ವೇಶ ಸರ್ ಕ್ಯಾಬಿನ್ನಿಗೆ ನುಗ್ಗಿದೆ. ಆಫೀಸು ಅವರದ್ದು. ಮನೆತನ ದೇವಸ್ಥಾನದ ಅರ್ಚಕರದ್ದು. ನಕ್ಷೆ ಮುಟ್ಟುವ ಮೊದಲು ಕೈ ತೊಳೆಯುವ ಮನುಷ್ಯ, ಆದರೆ ಆ ಬೆವರಿನ ಫ್ಯಾಕ್ಟರಿಗೆ ಎಷ್ಟು ಸಲ ಕಾಲಿಟ್ಟಿದ್ದಾರೋ.

"ಅಲ್ಲೊಂದು ಕೋಣೆ ಉಂಟು ಸರ್. ಹೆಂಗಸರದ್ದು."

"ಮಂಜೂರಾದ ನಕ್ಷೆಯಲ್ಲಿ ಇಲ್ಲ."

"ಜಾಗದಲ್ಲಿ ಉಂಟಲ್ಲ."

"ನಕ್ಷೆಯಲ್ಲಿ ಇಲ್ಲದ್ದು ನಮ್ಮ ಮಟ್ಟಿಗೆ ಇಲ್ಲ, ಅಶ್ಮಿತಾ. ಬೇಕಾದ್ರೆ ಎಳೆಯಿರಿ. ದೇವಸ್ಥಾನದಲ್ಲಿ ನಮ್ಮ ಮನೆಯವರ ಪೂಜೆಯ ಸರದಿ, ನಾನು ನಾಳೆ ಊರಿಗೆ ಹೋಗ್ತೇನೆ. ಬಂದ ಮೇಲೆ ನಾನೇ ಕೆಂಪಿಗೆ ಹಾಕ್ತೇನೆ."

ಎಷ್ಟು ತಣ್ಣಗೆ! ಆ ಹೆಂಗಸರು ಕಲ್ಲು ಹೊತ್ತಾಗ ಇಲ್ಲ, ಕಟ್ಟಿದಾಗ ಇಲ್ಲ, ಒಡೆಯಲಿಕ್ಕೆ ಮಾತ್ರ ಆ ಕೋಣೆ ಇದೆ. ಇರುವುದನ್ನು ಒಪ್ಪಿಕೊಳ್ಳುವುದೇ ಒಡೆಯಲಿಕ್ಕಾಗಿ! ಟೇಬಲ್ಲಿಗೆ ಬಂದೆ. ನನ್ನ ಕಂಪ್ಯೂಟರ್ ಇನ್ನೂ ಹಚ್ಚಿರಲಿಲ್ಲ. ಏವ್ರಿಲ್ ಚಹಾಕ್ಕೆ ಎದ್ದಿದ್ದಳು, ಅವಳ ಕಂಪ್ಯೂಟರಿನಲ್ಲಿ ಹಾಲ್ ಎಳೆಯಲಿಕ್ಕೆ ತೆರೆದಿದ್ದ ಪುಟದಲ್ಲೇ ಒಂದೇ ಉಸಿರಿಗೆ ಎಳೆದೆ. ನಾಲ್ಕು ಗೋಡೆ, ಬಾಗಿಲು, ಕಿಟಕಿ, ಹಂಚಿನ ಮಾಡು. ಹೆಸರು ಕೂಡ ನಾನೇ ಇಟ್ಟೆ: ಮಹಿಳೆಯರ ವಿಶ್ರಾಂತಿ ಕೋಣೆ. ಏವ್ರಿಲ್ ಕಲಿಸಿದ ಕ್ರಮದಲ್ಲೇ, ಕಟ್ಟಡ, ಮಹಡಿ, ಮುರಕಲ್ಲು. ಗೋಡೆ ಕಾಪಿ ಅಲ್ಲ.

ಮಾಡಲಿ ಕೆಂಪು. ನನ್ನ ಕೈ ಮುರಿದು ಮಾಡಲಿ.

ನವೆಂಬರ್ ೪

ವಿಶ್ವೇಶ ಸರ್ ಇನ್ನೂ ಊರಲ್ಲೇ. ಕಂಬ, ತೊಲೆಗಳ ಲೆಕ್ಕ ಹಾಕುವ ಇಂಜಿನಿಯರ್ ಅಲ್ಫೋನ್ಸ್ ಫೋನ್ ಮಾಡಿದರು.

"ಎಂತ ಮಾರಾಯ್ತಿ, ಹೊಸ ಹಾಲ್, ಆ ಕೋಣೆ ಎರಡೂ ಒಂದರ ಮೇಲೊಂದು ಕೂತಿದೆ. ಡಿಕ್ಕಿ ಡಿಕ್ಕಿ ಅಂತ ಕಂಪ್ಯೂಟರ್ ಬೊಬ್ಬೆ ಹಾಕ್ತಾ ಉಂಟು. ಕೋಣೆ ಇರುದಾ ಹೋಗುದಾ?"

"ಇರುದು!" ಅಂದೆ. ಕೇಳಿದ್ದಕ್ಕಿಂತ ಜೋರಾಗಿ.

"ಸರಿ ಸರಿ, ಕಿವಿ ಹೋಯ್ತು. ಹಾಲ್ ಅನ್ನು ಬಡಗು ದಿಕ್ಕಿಗೆ ಜಾರಿಸ್ತೇನೆ."

ಅಷ್ಟೆ. ಜಾರಿಸಿಯೇಬಿಟ್ಟರು. ಒಂದು ಕಟ್ಟಡ ಹಾಗೆ ಪಕ್ಕಕ್ಕೆ ಸರಿದು ನಿಲ್ಲುವುದನ್ನು ನೋಡುವುದು ಬಹಳ ಚಂದ ಉಂಟು.

ನವೆಂಬರ್ ೧೪

ಧಣಿ ಮೋಹನದಾಸರು ಆಫೀಸಿಗೆ ಬಂದಿದ್ದರು. ವಿಶ್ವೇಶ ಸರ್ ಊರಿಂದ ಬಂದಾಗಿದೆ. ದೊಡ್ಡ ಟಿ.ವಿ.ಯಲ್ಲಿ ಮಾಡೆಲ್ ಒಳಗೆ ನಡೆಸಿಕೊಂಡು ಹೋದೆವು, ಖಾನೆಯ ಬಣ್ಣ ತೆಗೆದು ಕಲ್ಲು, ಹಂಚಿನ ನಿಜ ಬಣ್ಣದಲ್ಲಿ. ಅವರ ಬೀಜ ಕೊಳ್ಳುವ ವಿದೇಶಿ ಕಂಪೆನಿಯ ಒಬ್ಬಳು ಹೆಂಗಸು ಕೂಡ ವಿಡಿಯೋದಲ್ಲಿದ್ದಳು. ಕಾರ್ಮಿಕರಿಗೆ ಏನೇನು ಸೌಲಭ್ಯ ಇದೆ ಎಂದು ನೋಡುವುದು ಅವಳ ಕೆಲಸವಂತೆ. ಕೋಣೆಯ ಹತ್ತಿರ ಬಂದಾಗ ಸರ್ ಕೆಂಪು ಎನ್ನುತ್ತಾರೆ ಎಂದು ಮುಷ್ಟಿ ಬಿಗಿದು ಕೂತಿದ್ದೆ.

ಅವಳು ಸರ್ ಕಳಿಸಿದ್ದ ಹೊಸ ಕೆಲಸಗಳ ಪಟ್ಟಿ ನೋಡುತ್ತಾ ಇಂಗ್ಲಿಷಿನಲ್ಲಿ ಹೊಗಳಿದಳು. ಹೆಂಗಸರಿಗಾಗಿ ಹೊಸ ಕೋಣೆ ಕಟ್ಟುತ್ತಿರುವುದು ಬಹಳ ಒಳ್ಳೆಯದು, ವರದಿಯಲ್ಲಿ ಬರೆಯುತ್ತೇನೆ ಅಂದಳು. ಧಣಿ ನಮ್ಮ ಸರ್ ಮುಖ ನೋಡಿದರು. ಸರ್ ಧಣಿಯ ಮುಖ ನೋಡಿದರು. ಆಮೇಲೆ ಇಬ್ಬರೂ ತಮ್ಮದೇ ಯೋಚನೆ ಎನ್ನುವ ಹಾಗೆ ತಲೆ ಆಡಿಸಿದರು.

ಹೊಸ ಕೋಣೆ ಎಂದು ಯಾಕೆ ಅಂದಳೋ. ದುರಸ್ತಿ ಎನ್ನುವ ಅರ್ಥದಲ್ಲಿರಬೇಕು. ಅಂತೂ ಉಳಿಯಿತು. ಬಸ್ಸಿನಲ್ಲಿ ಕಾಟಿಪಳ್ಳದವರೆಗೂ ಒಬ್ಬಳೇ ನಗುತ್ತಾ ಬಂದೆ.

ನವೆಂಬರ್ ೧೮

ಬಣ್ಣದ ಹಾಳೆಗಳನ್ನು ಪ್ರಿಂಟ್ ತೆಗೆಯುತ್ತಿದ್ದ ಏವ್ರಿಲ್ ನನ್ನ ಕುರ್ಚಿಯನ್ನು ಹಿಡಿದು ತಿರುಗಿಸಿದಳು.

"ಅಶ್ಮಿತಾ, ನಿನ್ನ ಕೋಣೆ ಕಿತ್ತಳೆ ಉಂಟಲ್ಲ ಮಾರಾಯ್ತಿ."

ಕಿತ್ತಳೆ. ಹೊಸದು. ಅವಳು ಹಾಲ್‌ಗಾಗಿ ತೆರೆದಿಟ್ಟಿದ್ದ ಹೊಸದರ ಖಾನೆಯಲ್ಲೇ ನಾನು ಎಳೆದಿದ್ದೆ. ಆ ಗುತ್ತಿಗೆಯವನಿಗೆ ಮೊದಲ ದಿನ ಏನೆಲ್ಲ ಬೈದಿದ್ದೆನೋ ಅಷ್ಟನ್ನೂ ನನಗೇ ಬೈದುಕೊಂಡೆ. ಆಮೇಲೆ ಅರ್ಥವಾಯಿತು. ಅದಕ್ಕೇ ಕಂಪ್ಯೂಟರ್ ಬೊಬ್ಬೆ ಹಾಕಿದ್ದು, ಅದಕ್ಕೇ ಹಾಲ್ ಜಾರಿದ್ದು, ಅದಕ್ಕೇ ಆ ಹೆಂಗಸು ಹೊಗಳಿದ್ದು. ನೀಲಿಯಲ್ಲಿ ಎಳೆದಿದ್ದರೆ ಇವರು ಇಷ್ಟು ಹೊತ್ತಿಗೆ ಕೆಂಪು ಮಾಡಿ ಮುಗಿಸುತ್ತಿದ್ದರು.

"ನಾವು ಸುಮ್ನಿರುವನಾ?" ಅಂದಳು ಏವ್ರಿಲ್ ಮೆಲ್ಲಗೆ.

ಆಸೆ ಆಯಿತು. ಸುಳ್ಳು ಯಾಕೆ, ಬಹಳ ಆಸೆ ಆಯಿತು. ಆದರೆ ಸುಮ್ಮನಿದ್ದರೆ ಏನಾಗುತ್ತದೆ? ಕಂಟ್ರಾಕ್ಟರ್ ಬಂದು, ಹೊಸದು ಕಟ್ಟುವ ಜಾಗದಲ್ಲಿ ಇದೆಂತದು ಎಂದು ಹಳೆಯದನ್ನು ಕೆಡವುತ್ತಾನೆ. ಕೆಡವಿದ ಮೇಲೆ ಹೊಸದು ಕಟ್ಟದಿದ್ದರೆ ಕೇಳುವವರು ಯಾರು? ಕೋಣೆ ಅವರದ್ದು. ಅದರ ಮೇಲೆ ನಾನೂ ಏವ್ರಿಲ್ಲೂ ಎ.ಸಿ.ಯಲ್ಲಿ ಕೂತು ತೀರ್ಮಾನ ಮಾಡುವುದಾದರೆ ನಮಗೂ ಧಣಿಗೂ ಏನು ವ್ಯತ್ಯಾಸ? ನಾಳಿದ್ದು ಬೈಕಂಪಾಡಿಗೆ.

ನವೆಂಬರ್ ೨೦

ಊಟದ ಹೊತ್ತಿಗೆ ಹೋದೆವು, ಏವ್ರಿಲ್ ಕೂಡ. ಕೋಣೆಯೊಳಗೆ ಹಿಡಿಸುವಷ್ಟು ಹೆಂಗಸರು, ಬಾಗಿಲಲ್ಲಿ ಉಳಿದವರು. ಬಣ್ಣದ ಹಾಳೆ ಚಾಪೆಯ ಮೇಲೆ ಹರಡಿ ಎಲ್ಲ ಹೇಳಿದೆ. ನಾನು ತಪ್ಪು ಖಾನೆಯಲ್ಲಿ ಎಳೆದದ್ದು, ಅದರಿಂದ ಆದದ್ದು. ಮುದ್ದಕ್ಕ ಮೊದಲು ನಕ್ಕರು. ನಗುತ್ತಾ ನಗುತ್ತಾ ಗೋಡೆಗೆ ಒರಗಿದರು.

"ಅಂದ್ರೆ, ನಾವು ಕಟ್ಟಿದ ಕೋಣೆಯನ್ನು ಧಣಿ ನಮಗೆ ಹೊಸದಾಗಿ ಕೊಡ್ತಾರೆ ಅಂತ ಫಾರಿನ್ನಿಗೆ ಹೇಳಿಯಾಯ್ತು?"

"ಹೌದು. ಈಗ ಎಂತ ಮಾಡುದು ಅಂತ ನೀವೇ ಹೇಳ್ಬೇಕು."

ಒಬ್ಬಳು ಬಾಯಿ ಮುಚ್ಚಿ ಇರುವ ಎಂದಳು. ಇನ್ನೊಬ್ಬಳು ಹೊಸದು ಸಿಗುವುದಾದರೆ ಹಳೆಯದು ಯಾಕೆ, ಮಾಡು ಸೋರುತ್ತದೆ ಎಂದಳು. ಜೋರು ಗಲಾಟೆ. ತೊಟ್ಟಿಲಿನ ಮಗು ಎದ್ದು ಅದೂ ಸೇರಿಕೊಂಡಿತು. ಈ ಮಗುವನ್ನು ಎಲ್ಲಿ ಮಲಗಿಸುವುದು, ಸೊಂಟ ನೋವಿನವಳು ಎಲ್ಲಿ ಮಲಗುವುದು, ಒಂದೇ ಕೋಣೆಯಲ್ಲಿ ಎರಡೂ ಹೇಗೆ ಎಂದು ಜಸೀಲಾ ಕೇಳಿದಳು. ಕೂಡಲೇ ಮುದ್ದಕ್ಕ ನಗು ನಿಲ್ಲಿಸಿದರು.

"ಹಾಗಾದ್ರೆ ಎರಡೂ ಬೇಕು," ಅಂದರು.

ಸಂಘಟನೆಯ ಎಷ್ಟೋ ಮೀಟಿಂಗ್ ನೋಡಿದ್ದೇನೆ. ನಿರ್ಣಯ ಇಷ್ಟು ಚಿಕ್ಕದಾಗಿ ಬಂದದ್ದು ನೋಡಿಲ್ಲ.

ಸಂಜೆ ಸರ್‌ಗೆ ಹೇಳಿದೆ. ತಪ್ಪು ನನ್ನದು, ಬೇಕಾದರೆ ಕೆಲಸದಿಂದ ತೆಗೆಯಿರಿ ಎಂದೆ. ಅವರು ಹಾಳೆ ಎಳೆದುಕೊಂಡು ನೋಡಿದರು. ಊರಿಂದ ಬಂದಾಗ ಕಿತ್ತಳೆ ನೋಡಿ, ಧಣಿಯೇ ಅಲ್ಫೋನ್ಸರಿಗೆ ಹೇಳಿಸಿ ಮಾಡಿಸಿದ್ದು ಎಂದು ತಿಳಿದಿದ್ದರಂತೆ. "ಸಹಿ ಹಾಕಿ ಕಳಿಸಿಯಾಯ್ತಲ್ಲ ನಾನು," ಅಂದರು. ನನ್ನ ಮೇಲೆ ರೇಗಲಿಲ್ಲ. ಸಹಿಯ ಮೇಲೆ ಬೆರಳಿಟ್ಟು ಹಾಗೆಯೇ ಕೂತಿದ್ದರು.

ನವೆಂಬರ್ ೨೫, ಸೋಮವಾರ

ಬರೆಯದೆ ಮಲಗಲಿಕ್ಕೆ ಆಗುವುದಿಲ್ಲ.

ಫ್ಯಾಕ್ಟರಿಯ ಆಫೀಸ್ ರೂಮು. ಧಣಿ, ವಿಶ್ವೇಶ ಸರ್, ನಾನು. ಹೆಂಗಸರ ಪರವಾಗಿ ಮುದ್ದಕ್ಕ ಮತ್ತು ಮಗು ಎತ್ತಿಕೊಂಡ ಜಸೀಲಾ. ಸರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಧಣಿಗೆ ಖುಷಿಯೇ ಆಯಿತು.

"ಇಷ್ಟೇನಾ ಮಾರ್ರೆ? ಇದ್ದ ಕೋಣೆಗೆ ಸುಣ್ಣ ಹೊಡೆದು ಒಂದು ಬೋರ್ಡ್ ಹಾಕುವ. ಹೊಸದಾ ಹಳೆದಾ ಅಂತ ಯಾರು ಮೂಸಿ ನೋಡ್ತಾರೆ?"

ನಾನು ಎದ್ದೇಬಿಟ್ಟಿದ್ದೆ. ಗಂಟಲಿನಲ್ಲಿ ಇಡೀ ಭಾಷಣ ಇತ್ತು. ಅಷ್ಟರಲ್ಲಿ ಸರ್ ಬಾಯಿಬಿಟ್ಟರು.

"ನನ್ನ ಸಹಿಯ ಮೇಲೆ ಕಿತ್ತಳೆ ಅಂತ ಹೋಗಿದೆ. ಕಿತ್ತಳೆ ಅಂದ್ರೆ ಕಟ್ಟಬೇಕು. ಸುಣ್ಣಕ್ಕೆ ನನ್ನಲ್ಲಿ ಬೇರೆ ಬಣ್ಣ ಇಲ್ಲ."

ಹೆಂಗಸರ ಮೇಲಿನ ಪ್ರೀತಿಯಿಂದಲ್ಲ, ತನ್ನ ಸಹಿಯ ಮೇಲಿನ ಪ್ರೀತಿಯಿಂದ. ಇರಲಿ. ಆ ಹೊತ್ತಿಗೆ ನನಗೆ ಅವರ ಕೈ ಕುಲುಕುವ ಅನಿಸಿತು.

ಹಾಗಾದರೆ ಹಳೆಯದನ್ನು ಒಡೆದು ಅಲ್ಲೇ ಕಟ್ಟುವ ಅಂದರು ಧಣಿ. ಮುದ್ದಕ್ಕ ಕೈ ಮುಗಿಯಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. "ಅದನ್ನು ಮುಟ್ಲಿಕ್ಕೆ ಇಲ್ಲ ಧಣಿ. ಅದು ನಾವು ಕಟ್ಟಿದ್ದು. ಹೊಸದು ನೀವು ಮಾತು ಕೊಟ್ಟದ್ದು. ಎರಡೂ ಬೇಕು."

"ಎರಡಾ! ಎರಡಕ್ಕೆ ಜಾಗ ಎಲ್ಲುಂಟು?"

ಜಸೀಲಾ ಕಿಟಕಿಯ ಹೊರಗೆ ಬೆರಳು ತೋರಿಸಿದಳು. ಅಲ್ಲಿ ಧಣಿಯ ಕಾರಿನ ಶೆಡ್ಡು. "ಅಲ್ಲುಂಟಲ್ಲ. ಕಾರಿಗೆ ಹಾಲು ಕುಡಿಸ್ಲಿಕ್ಕೆ ಇಲ್ಲ."

ಧಣಿ ಬೆಂಕಿಯಾದರು. ಬೊಬ್ಬೆ ಹಾಕಲಿಕ್ಕೆ ಬಾಯಿ ತೆರೆದು, ಹಾಗೆಯೇ ನಿಲ್ಲಿಸಿ ಕಿವಿಕೊಟ್ಟರು. ನನಗೂ ಆಗಲೇ ಗೊತ್ತಾದದ್ದು. ಹೊರಗೆ ಸದ್ದಿಲ್ಲ. ಬೀಜ ಒಡೆಯುವ ಟಕಟಕ ಪೂರ್ತಿ ನಿಂತಿದೆ. ಘೋಷಣೆ ಇಲ್ಲ, ಬಾವುಟ ಇಲ್ಲ. ಇಡೀ ಶೆಡ್ಡು ಕೈ ಕಟ್ಟಿ ಕೂತಿದೆ.

"ಇಷ್ಟು ಹೆಂಗಸರು ಕೆಲಸ ಮಾಡುವಲ್ಲಿ ಮಕ್ಕಳ ಕೋಣೆ ಇರ್ಲೇಬೇಕು ಅಂತ ಕಾನೂನೂ ಉಂಟು," ಎಂದು ನಾನು ಮತ್ತೆ ಕೂತುಕೊಂಡು ಹೇಳಿದೆ. ಅಷ್ಟೇ ಸಾಕಾಗಿತ್ತು. ಆ ಭಾಷಣ ಹಾಗೆಯೇ ಉಳಿದುಹೋಯಿತು.

ಧಣಿ ಬೀಜ ಒಡೆಯುವ ಶೆಡ್ಡಿನ ಕಡೆ ನೋಡಿದರು. ಆಮೇಲೆ ಸರ್ ಕಡೆಗೆ ತಿರುಗಿ, "ಕಾರಿಗೆ ಮರದ ನೆರಳು ಸಾಕಾಗ್ತದಾ ಮಾರ್ರೆ?" ಅಂದರು.

"ಧಾರಾಳ," ಅಂದರು ಸರ್.

ಮುದ್ದಕ್ಕ ಬಾಗಿಲು ದಾಟುವ ಮೊದಲೇ ಹೊರಗೆ ಟಕಟಕ ಶುರುವಾಯಿತು. ಅವರಿಗೆ ಯಾರು ಹೇಳಿದರೋ.

ನವೆಂಬರ್ ೨೬

ಹಳೆಯ ಕೋಣೆಯನ್ನು ನೀಲಿಗೆ ತಂದೆ. ಹೊಸದನ್ನು ಹೊಸ ಜಾಗದಲ್ಲಿ ಎಳೆದೆ. ಎಳೆಯುವ ಮೊದಲು ಖಾನೆ ನೋಡಿದೆ, ಏವ್ರಿಲ್ ನೋಡಿದಳು, ಮತ್ತೆ ನಾನು ನೋಡಿದೆ. ಕಾರಿನ ಶೆಡ್ಡನ್ನು ಕೆಂಪಿಗೆ ಹಾಕುವ ಭಾಗ್ಯ ಯಾರಿಗೆ ಎಂದು ಚೀಟಿ ಎತ್ತಿದೆವು. ಏವ್ರಿಲ್ ಗೆದ್ದಳು. ಮೋಸ ಮಾಡಿದ್ದಾಳೆ, ನನಗೆ ಗೊತ್ತು.

ಡಿಸೆಂಬರ್ ೯

ಹೊಸ ಕೋಣೆಯ ಕಿಟಕಿಗೆ ಮುದ್ದಕ್ಕನ ತಕರಾರು. ಅಷ್ಟು ಮೇಲಿಟ್ಟರೆ ಗಾಳಿ ನಿಂತವರಿಗೆ ಮಾತ್ರ, ಅಲ್ಲಿಗೆ ಯಾರೂ ನಿಂತುಕೊಳ್ಳಲಿಕ್ಕೆ ಬರುವುದಲ್ಲ ಎಂದರು. ಸರಿ ಉಂಟು. ಹಳೆಯ ಕೋಣೆಯ ಚಾಪೆಯ ಮೇಲೆ ನಾನೇ ಮಲಗಿ ನೋಡಿದೆ, ಜಸೀಲಾಳ ಮಗು ನನ್ನ ಹೊಟ್ಟೆ ಹತ್ತಿತು. ಎಷ್ಟು ಎತ್ತರ ಎಂದು ಬರೆದುಕೊಳ್ಳಲಿಕ್ಕೆ ಹಾಳೆ ಇರಲಿಲ್ಲ. ಬ್ಯಾಗಿನ ತಳದಲ್ಲಿ ಮಡಚಿದ ಯಾವುದೋ ಪ್ರಿಂಟ್ ಸಿಕ್ಕಿತು, ಅದರ ಹಿಂಬದಿಯಲ್ಲೇ ಬರೆದು ತೋರಿಸಿದೆ. ಮುದ್ದಕ್ಕ ಅದನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡರು. ಮೇಸ್ತ್ರಿ ಬಂದರೆ ತೋರಿಸಲಿಕ್ಕೆ ಬೇಕಂತೆ. ನನಗೆ ಅಳತೆ ಬಾಯಿಪಾಠ ಉಂಟು.

ಡಿಸೆಂಬರ್ ೨೦

ಸಂಘಟನೆಯ ಕಾಸಿಂ ಫೋನ್. "ಹಾಗಾದ್ರೆ ಜನವರಿಯಿಂದ ಬರ್ತಿಯಲ್ಲ?" ಅಂದ.

"ಯಾವುದಕ್ಕೆ?" ಅಂದೆ.

ಯಾಕೋ ಬಹಳ ಹೊತ್ತು ನಕ್ಕ. ಸೈಟಿಗೆ ಹೊರಟಿದ್ದೆ, ಆಮೇಲೆ ಮಾತಾಡುವ ಎಂದು ಇಟ್ಟೆ.

ಡಿಸೆಂಬರ್ ೨೪

ಏವ್ರಿಲ್ ಮನೆಯಿಂದ ಕುಸ್ವಾರ್ ಎನ್ನುವ ಹಬ್ಬದ ತಿಂಡಿಗಳ ಡಬ್ಬ. ಕ್ರಿಸ್ಮಸ್ಸಿಗೆ ಅವಳ ಅಮ್ಮನೇ ಮಾಡಿದ್ದು. ಎರಡು ಡಬ್ಬ ಕೊಟ್ಟಳು, ಒಂದು ನನಗೆ, ಒಂದು ಬೈಕಂಪಾಡಿಗೆ. ನನ್ನದರಲ್ಲಿ ಅರ್ಧ ವಿಶ್ವೇಶ ಸರ್ ತಿಂದರು. ಮೊಟ್ಟೆ ಹಾಕಿದ್ದು ಯಾವುದು ಅಂತ ಕೇಳದೆ ಬಿಡಲಿಲ್ಲ. ಕೇಳಿದ ಮೇಲೆ ತಿನ್ನದೆಯೂ ಬಿಡಲಿಲ್ಲ.

ಡಿಸೆಂಬರ್ ೩೧

ಮಾಡೆಲ್ ಒಪ್ಪಿಸಿ ಆಯಿತು. ಒಂದು ಗೋಡೆಯೂ ಕಾಪಿ ಅಲ್ಲ. ಜನವರಿಗೆ ಒಂದು ಹಳೆಯ ಶಾಲೆ ಬರುತ್ತದಂತೆ, ದುರಸ್ತಿ ಮತ್ತು ಎರಡು ಹೊಸ ಕೋಣೆ. ಶಾಲೆಗೆ ಮೊದಲು ಹೋಗಿ ಮಕ್ಕಳನ್ನು ಕೇಳಿಕೊಂಡೇ ಎಳೆಯಲಿಕ್ಕೆ ಶುರುಮಾಡಬೇಕು ಎಂದು ಸರ್‌ಗೆ ಹೇಳಿದ್ದೇನೆ. ನಕ್ಷೆಯಲ್ಲಿ ಇಲ್ಲದ್ದು ಏನೇನು ಉಂಟೋ.

ಮಧ್ಯಾಹ್ನ ಕೊನೆಯ ಬಣ್ಣದ ಹಾಳೆ ಹಿಡಿದುಕೊಂಡು ಬೈಕಂಪಾಡಿಗೆ ಹೋದೆ. ಕಾರಿನ ಶೆಡ್ಡಿನ ತಗಡು ಇಳಿಸುತ್ತಿದ್ದರು. ಊಟದ ಹೊತ್ತು, ಹೆಂಗಸರೆಲ್ಲ ಬುತ್ತಿ ಹಿಡಿದು ಸಿನಿಮಾ ನೋಡುವ ಹಾಗೆ ಸಾಲಾಗಿ ಕೂತಿದ್ದರು. ಒಂದೊಂದು ತಗಡು ಬಿದ್ದಾಗಲೂ ಓ ಎಂದು ಬೊಬ್ಬೆ. ಧಣಿಯ ಕಾರು ಮರದ ಕೆಳಗೆ ನಿಂತಿತ್ತು, ಅದರ ಮೇಲೆ ಕಾಗೆಗಳು ತಮ್ಮ ಕೆಲಸ ಮಾಡಿಯಾಗಿತ್ತು.

ಮುದ್ದಕ್ಕ ಕೋಣೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದರು. ಒಳಗೆ ತೊಟ್ಟಿಲು ತೂಗುತ್ತಿತ್ತು. ಹಾಳೆಯನ್ನು ಅವರ ಮಡಿಲ ಮೇಲೆ ಬಿಡಿಸಿದೆ.

"ನಮ್ಮದು ಯಾವುದು?"

"ಇದು. ನೀಲಿ."

"ನೀಲಿ ಅಂದ್ರೆ ಎಂತ?"

"ಉಂಟು ಅಂತ."

ಮುದ್ದಕ್ಕ ಬೆನ್ನ ಹಿಂದಿನ ಗೋಡೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದರು.

"ಅದು ನಂಗೆ ಗೊತ್ತುಂಟು ಮಗಾ," ಅಂದರು. "ಆ ಕೆಂಪು ಯಾವುದು, ಅದು ಹೇಳು."